ಒಂದಕ್ಕೆ ಇಪ್ಪತ್ತನಾಲ್ಕು: ಪುಟ್ಟ ಕಾರೊಂದು ಕಲಿಸಿದ ಗಣಿತ

ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಲೇಖನವೊಂದನ್ನು ಬರೆದುಕೊಡಬೇಕೆಂದು ಸಮಿತಿಯವರು ಕೇಳಿಕೊಂಡಾಗ, ನಾನು ಶಾಲೆಯ ಹಳೆಯ ದಿನಗಳನ್ನು ಕುರಿತು ಬರೆಯುವೆನೆಂದು ಅವರು ಭಾವಿಸಿದ್ದಿರಬೇಕು. ಆ ಕೆಲಸವನ್ನು ನನಗಿಂತ ಚೆನ್ನಾಗಿ ಮಾಡಬಲ್ಲವರಿದ್ದಾರೆ. ನನ್ನ ತಲೆಯ ಮೇಲಿರುವುದು ಬೇರೊಂದು ಬಾಕಿ. ನಾನು ತಪ್ಪಾಗಿ ಕಲಿಸಿದ ಪಾಠವೊಂದನ್ನು ತಿದ್ದಬೇಕಾಗಿದೆ. ಅದನ್ನು ನನ್ನಿಂದ ಕಲಿತವರಲ್ಲಿ ಕೆಲವರಾದರೂ ಈ ಪುಟಗಳನ್ನು ಓದುವರೆಂಬ ನಂಬಿಕೆ ನನಗಿದೆ.

1983ನೆಯ ಇಸವಿ. ಏಳನೆಯ ತರಗತಿಯಲ್ಲಿ ಅನುಪಾತದ ಪಾಠ ನಡೆದಿತ್ತು. ಕರಿಹಲಗೆಯ ಮೇಲೆ ನಾನು ಬರೆದ ಲೆಕ್ಕ ಹೀಗಿತ್ತು: ಒಂದು ಕಾರಿನ ಉದ್ದ 440 ಸೆಂ.ಮೀ., ತೂಕ 1200 ಕಿಲೋ. ಅದೇ ವಸ್ತುಗಳಿಂದ, ಎಲ್ಲ ಅಳತೆಗಳನ್ನೂ ಇಪ್ಪತ್ತನೆಯ ಒಂದಂಶಕ್ಕೆ ಇಳಿಸಿ ಒಂದು ಮಾದರಿಯನ್ನು ಮಾಡಿದರೆ ಅದರ ಉದ್ದವೆಷ್ಟು, ತೂಕವೆಷ್ಟು? ಉದ್ದ 22 ಸೆಂ.ಮೀ. ಎಂದು ಎಲ್ಲರೂ ಹೇಳಿದರು. ತೂಕ 60 ಕಿಲೋ ಎಂದು ನಾನೇ ಬರೆದೆ. ಆಗ ಹಿಂದಿನ ಬೆಂಚಿನಿಂದ ಹುಡುಗನೊಬ್ಬ ಎದ್ದು, "ಮಾಷ್ಟ್ರೇ, ಗೇಣುದ್ದದ ಕಾರು ಒಂದು ಮುಡಿ ಅಕ್ಕಿಗಿಂತಲೂ ಭಾರವೇ?" ಎಂದು ಕೇಳಿದ. ತರಗತಿಯೆಲ್ಲ ನಕ್ಕಿತು. ಅದನ್ನು ನಾನು ಉದ್ಧಟತನವೆಂದು ತಿಳಿದು, ಗಂಟೆ ಹೊಡೆಯುವವರೆಗೂ ಅವನನ್ನು ಬೆಂಚಿನ ಮೇಲೆ ನಿಲ್ಲಿಸಿದೆ. ಎಸ್.ಎಸ್.ಎಲ್.ಸಿ.ಯವರೆಗೆ ಕನ್ನಡದಲ್ಲಿ ಓದಿ ಅಧ್ಯಾಪಕನಾದವನಿಗೆ ಈ ಲೆಕ್ಕ ತಿಳಿಯದ್ದೇನಲ್ಲ. ಅಂದು ಯೋಚಿಸಲಿಲ್ಲ, ಅಷ್ಟೆ. ಅನಂತರದ ವರ್ಷಗಳಲ್ಲಿಯೂ ಅದೇ ಲೆಕ್ಕವನ್ನು ಅದೇ ಉತ್ತರದೊಡನೆ ಹೇಳಿಕೊಟ್ಟೆನೆಂಬುದನ್ನು ಮುಚ್ಚಿಡಲಾರೆ.

ನನ್ನ ಕಣ್ಣು ತೆರೆಸಿದ್ದು ಒಂದು ಆಟಿಕೆಯ ಪೆಟ್ಟಿಗೆ. 2019ರಲ್ಲಿ ದುಬಾಯಿಯಿಂದ ಊರಿಗೆ ಬಂದ ನನ್ನ ಸೋದರಳಿಯ, "ಮಾವ, ನಿವೃತ್ತಿಯ ಬೇಸರಕ್ಕೆ ಇದು" ಎಂದು ಅದನ್ನು ಕೈಗಿತ್ತ. ಜಪಾನಿನ ತಮಿಯಾ ಸಂಸ್ಥೆಯ ಕಿಟ್. 1966ರ ಫೋಕ್ಸ್‌ವ್ಯಾಗನ್ ಬೀಟಲ್ ಕಾರಿನ 1:24 ಪ್ರಮಾಣದ ಮಾದರಿ. ತೆರೆದು ನೋಡಿದರೆ ಕಾರಿಲ್ಲ! ಪ್ಲಾಸ್ಟಿಕ್ ಚೌಕಟ್ಟುಗಳಿಗೆ ಅಂಟಿಕೊಂಡ ಬಿಡಿಭಾಗಗಳು, ರಬ್ಬರಿನ ಟಯರುಗಳು, ಒಂದು ಸೂಚನಾ ಪುಸ್ತಿಕೆ. ಕನ್ನಡವಂತೂ ಅದರಲ್ಲಿರಲಿಲ್ಲ; ಆದರೆ ಚಿತ್ರಗಳು ಎಷ್ಟು ಸ್ಪಷ್ಟವಾಗಿದ್ದುವೆಂದರೆ ಭಾಷೆಯ ಕೊರತೆ ತಟ್ಟಲಿಲ್ಲ.

ಈ 24 ಎಂಬ ಸಂಖ್ಯೆ ಎಲ್ಲಿಂದ ಬಂತು? ಅಡಿ ಅಂಗುಲಗಳ ಲೆಕ್ಕದಿಂದ. ನಿಜವಾದ ಕಾರಿನ ಒಂದು ಅಡಿಗೆ ಮಾದರಿಯಲ್ಲಿ ಅರ್ಧ ಅಂಗುಲ. ಅಡಿಗೆ 12 ಅಂಗುಲವಾದುದರಿಂದ 1:24. ಎಂಟನೆಯ ಮೂರು ಅಂಗುಲ ಹಿಡಿದರೆ 1:32. ಆಟದ ರೈಲುಗಳಿಗೆ ಅಡಿಗೆ 7 ಮಿ.ಮೀ. ಎಂಬ ಅಳತೆಯಿತ್ತು, ಅದರ ಜೊತೆಗೆ ಇಡುವ ಕಾರುಗಳು 1:43 ಆದುವು. ಅಮೆರಿಕದಲ್ಲಿ 1:25 ಹೆಚ್ಚು ರೂಢಿ. ಅಲ್ಲಿಯ ಎ.ಎಂ.ಟಿ. ಸಂಸ್ಥೆ ಮೊದಲು ಕಾರು ಮಾರುವವರಿಗೆ ಪ್ರಚಾರದ ಮಾದರಿಗಳನ್ನು ಮಾಡಿಕೊಡುತ್ತಿತ್ತು. 1958ರಿಂದ ಒಂದೇ ಪೆಟ್ಟಿಗೆಯಿಂದ ಮೂರು ಬಗೆಯಾಗಿ ಕಟ್ಟಬಹುದಾದ ಕಿಟ್ಟುಗಳನ್ನು ಹೊರತಂದಿತು. ತಮಿಯಾದವರು 1946ರಲ್ಲಿ ಮರದ ವ್ಯಾಪಾರದಿಂದ ಆರಂಭಿಸಿ, 1960ರಲ್ಲಿ ಮೊದಲ ಪ್ಲಾಸ್ಟಿಕ್ ಕಿಟ್ ಮಾಡಿದವರು. ಪೋರ್ಶೆ ಕಾರಿನ ಮಾದರಿಯನ್ನು ಸಿದ್ಧಪಡಿಸುವಾಗ ಅವರು ನಿಜವಾದ ಪೋರ್ಶೆಯೊಂದನ್ನೇ ಕೊಂಡು, ಬಿಚ್ಚಿ ಅಳೆದರಂತೆ. ಅಳತೆಯ ಮೇಲಿನ ಇಂಥ ಶ್ರದ್ಧೆಯನ್ನು ಓದಿದಾಗ ನನಗೆ ನನ್ನ ಕರಿಹಲಗೆ ನೆನಪಾಯಿತು.

ಈಗ ಪಾಠಕ್ಕೆ ಬರೋಣ. ಬೀಟಲ್ ಕಾರಿನ ಉದ್ದ ಸುಮಾರು 407 ಸೆಂ.ಮೀ. ಅದನ್ನು 24ರಿಂದ ಭಾಗಿಸಿದರೆ 17 ಸೆಂ.ಮೀ.; ಮಾದರಿ ಸರಿಯಾಗಿ ಅಷ್ಟೇ ಇದೆ. ಆದರೆ ಉದ್ದದೊಡನೆ ಅಗಲ, ಎತ್ತರಗಳೂ 24ರಲ್ಲಿ ಒಂದಂಶವಾಗುತ್ತವೆ. ಆದುದರಿಂದ ಬಣ್ಣ ಹಚ್ಚಬೇಕಾದ ಮೇಲ್ಮೈ 24ರ ವರ್ಗ, ಅಂದರೆ 576ರಲ್ಲಿ ಒಂದಂಶ. ಘನಫಲವೂ ತೂಕವೂ 24ರ ಘನ, ಅಂದರೆ 13,824ರಲ್ಲಿ ಒಂದಂಶ. ಸುಮಾರು 800 ಕಿಲೋದ ಬೀಟಲ್ ಅದೇ ವಸ್ತುಗಳಲ್ಲಿ ಕುಗ್ಗಿದರೆ 58 ಗ್ರಾಂ ಆಗುತ್ತದೆ. ನನ್ನ ಹಳೆಯ ರೀತಿಯಂತೆ 33 ಕಿಲೋ ಅಲ್ಲ. 1983ರ ಲೆಕ್ಕದಲ್ಲಿ 20ರ ಘನ 8000. 1200 ಕಿಲೋವನ್ನು ಅದರಿಂದ ಭಾಗಿಸಿದರೆ 150 ಗ್ರಾಂ. ಅಂದು ಬೆಂಚಿನ ಮೇಲೆ ನಿಂತ ಹುಡುಗ ಈಗ ಐವತ್ತು ದಾಟಿದ ಗೃಹಸ್ಥರು. ಎಲ್ಲಿದ್ದಾರೋ ತಿಳಿಯದು. ಸಂದೇಹ ಅವರದೇ ಸರಿ, ತಪ್ಪು ನನ್ನದು.

ಇನ್ನೂ ಒಂದು ಸ್ವಾರಸ್ಯವಿದೆ. ಎಲ್ಲವೂ ಕುಗ್ಗುತ್ತದೆಯೆಂದು ಕಾಗದದ ಮೇಲೆ ಬರೆಯಬಹುದು. ಕೈಗೆ ತೆಗೆದುಕೊಂಡಾಗ ಕುಗ್ಗಲು ಒಪ್ಪದ ವಸ್ತುಗಳೇ ಹೆಚ್ಚು. ಕಾರಿನ ಹೊರಮೈಯ ಉಕ್ಕಿನ ತಗಡು ಒಂದು ಮಿಲಿಮೀಟರಿಗಿಂತ ತೆಳು. ಅದನ್ನು 24ರಿಂದ ಭಾಗಿಸಿದರೆ ನಾವು ಬರೆಯುವ ಕಾಗದದ ಅರ್ಧದಷ್ಟೂ ದಪ್ಪವಿರದು. ಕರಗಿದ ಪ್ಲಾಸ್ಟಿಕನ್ನು ಉಕ್ಕಿನ ಅಚ್ಚಿನೊಳಕ್ಕೆ ಒತ್ತಿ ಮಾಡುವಾಗ ಅಷ್ಟು ತೆಳುವಾಗಿ ಎರೆಯಲಾಗದು. ಆದುದರಿಂದ ಮಾದರಿಯ ಗೋಡೆ ಒಂದು ಮಿಲಿಮೀಟರಿನ ಆಸುಪಾಸು ಇರುತ್ತದೆ. ಅದನ್ನು ಮರಳಿ 24ರಿಂದ ಗುಣಿಸಿದರೆ 24 ಮಿ.ಮೀ. ದಪ್ಪದ, ಯುದ್ಧದ ವಾಹನದಂಥ ಬೀಟಲ್!

ಬಣ್ಣ ಇನ್ನೂ ಹಟಮಾರಿ. ನಿಜವಾದ ಕಾರಿನಲ್ಲಿ ಬಾಗಿಲಿನ ಸುತ್ತಲಿನ ಸಂದು ಸುಮಾರು 5 ಮಿ.ಮೀ.; ಮಾದರಿಯಲ್ಲಿ ಅದು 0.2 ಮಿ.ಮೀ. ಕುಂಚದಿಂದ 0.1 ಮಿ.ಮೀ. ದಪ್ಪಕ್ಕೆ ಬಣ್ಣ ಬಳಿದರೆ, ಸಂದಿನ ಎರಡು ಅಂಚುಗಳಿಂದಲೂ ಬಂದು ಸಂದೇ ಮುಚ್ಚಿಹೋಗುತ್ತದೆ. ನನ್ನ ಮೊದಲ ಪ್ರಯತ್ನದಲ್ಲಿ ಎಡಬಾಗಿಲು ಹೀಗೆ ಕಾಣೆಯಾಯಿತು. ಅನುಭವಿಗಳು ಅನೇಕ ತೆಳು ಪದರಗಳನ್ನು ಸಿಂಪಡಿಸುವುದೂ, ಒಣಗಿದ ಮೇಲೆ 1500, 2000 ಸಂಖ್ಯೆಯ ನಯವಾದ ಪಾಲಿಶ್ ಪೇಪರನ್ನು ನೀರಿನಲ್ಲಿ ಅದ್ದಿ ಉಜ್ಜುವುದೂ ಇದಕ್ಕಾಗಿಯೇ. ಧೂಳಿನ ಕಣವೂ ಕುಗ್ಗುವುದಿಲ್ಲ. ಅರ್ಧ ಮಿಲಿಮೀಟರಿನ ಕಣ ಬಾನೆಟ್ಟಿನ ಮೇಲೆ ಕುಳಿತರೆ ದೊಡ್ಡ ಅಡಿಕೆಹೋಳಿನಂತೆ ಕಾಣುತ್ತದೆ.

ಅಂಟಿನ ವಿಷಯ. ಈ ಕಿಟ್ಟುಗಳ ಪ್ಲಾಸ್ಟಿಕ್ ಪಾಲಿಸ್ಟೈರೀನ್. ಥರ್ಮೋಕೋಲಿನದೂ ಅದೇ ಜಾತಿ. ಥರ್ಮೋಕೋಲಿನ ಮೇಲೆ ಪೆಟ್ರೋಲು ಬಿದ್ದರೆ ಕರಗುವುದನ್ನು ನೀವು ಕಂಡಿರಬಹುದು. ಇಲ್ಲಿಯ ಅಂಟೂ ಹಾಗೆಯೇ, ಎರಡು ಅಂಚುಗಳನ್ನು ತುಸು ಕರಗಿಸಿ ಬೆಸೆಯುತ್ತದೆ. ಹೆಚ್ಚಾದರೆ ಭಾಗವನ್ನೇ ತಿನ್ನುತ್ತದೆ. ಕ್ಷಣದಲ್ಲಿ ಹಿಡಿಯುವ ಇನ್ನೊಂದು ಅಂಟನ್ನು ಗಾಜಿನ ಭಾಗಗಳ ಬಳಿ ತರಲೇಬಾರದು. ಅದರ ಆವಿಯಿಂದ ಗಾಜು ಮಂಜು ಕವಿದಂತಾಗುತ್ತದೆ. ಬಣ್ಣ, ಅಂಟು ಎರಡನ್ನೂ ಕಿಟಕಿ ತೆರೆದೇ ಬಳಸಬೇಕೆಂಬುದನ್ನು ಮಕ್ಕಳು ಮರೆಯಬಾರದು.

ನಮ್ಮ ಕಾಸರಗೋಡಿನ ಮಳೆಗೂ ಇದಕ್ಕೂ ಸಂಬಂಧವಿದೆ. ಬಾಗಿಲು ಸರಿಪಡಿಸುವ ಅವಸರದಲ್ಲಿ ಆಟಿ ತಿಂಗಳ ಒಂದು ಮಧ್ಯಾಹ್ನ ಲ್ಯಾಕರ್ ಬಣ್ಣವನ್ನು ಸಿಂಪಡಿಸಿದೆ. ನೋಡನೋಡುತ್ತ ನೀಲಿ ಕಾರು ಹಾಲು ಚೆಲ್ಲಿದಂತೆ ಬೆಳ್ಳಗಾಯಿತು. ಬಣ್ಣದ ದ್ರಾವಕ ಬೇಗನೆ ಆರುವಾಗ ಮೇಲ್ಮೈ ತಣ್ಣಗಾಗುತ್ತದೆ; ತೇವ ತುಂಬಿದ ಗಾಳಿಯ ನೀರು ಅಲ್ಲಿ ಇಬ್ಬನಿಯಾಗಿ ಕುಳಿತು ಬಣ್ಣದೊಳಗೆ ಸೇರುತ್ತದೆ. ಬೇಸಗೆಯಲ್ಲಿ ತಣ್ಣೀರಿನ ಲೋಟ ಬೆವರುವುದಕ್ಕೂ ಇದಕ್ಕೂ ಕಾರಣ ಒಂದೇ. ಒಣಹವೆಗಾಗಿ ಡಿಸೆಂಬರಿನವರೆಗೆ ಕಾದು, ನಿಧಾನವಾಗಿ ಆರುವ ದ್ರಾವಕವನ್ನು ಬೆರೆಸಿ ಮತ್ತೊಮ್ಮೆ ಹಚ್ಚಿದ ಮೇಲೆ ನೀಲಿ ಮರಳಿತು.

ಮಕ್ಕಳ ಕೈಗೆ ಇಂಥ ಕೆಲಸವನ್ನು ಕೊಡುವುದು ದುಬಾರಿಯ ಹುಚ್ಚಲ್ಲವೇ ಎಂದು ಕೆಲವು ಪಾಲಕರು ಕೇಳಬಹುದು. ಕಿಟ್ಟಿನ ಬೆಲೆ ಹೆಚ್ಚೆಂಬುದು ನಿಜ. ಆದರೆ ಕಿಟ್ಟೇ ಬೇಕೆಂದಿಲ್ಲ. ಅಮೆರಿಕದಲ್ಲಿ 1930ರಿಂದ 1968ರವರೆಗೆ ಜನರಲ್ ಮೋಟಾರ್ಸ್ ಸಂಸ್ಥೆಯ ಫಿಶರ್ ಬಾಡಿ ವಿಭಾಗ ಹುಡುಗರಿಗಾಗಿ ಒಂದು ಸ್ಪರ್ಧೆ ನಡೆಸಿತು. ಮೊದಲು ಸಾರೋಟಿನ ಮಾದರಿ, ಆಮೇಲೆ ತಾವೇ ಕಲ್ಪಿಸಿದ ಕಾರು, 1:12 ಪ್ರಮಾಣದಲ್ಲಿ, ಮರ ಮುಂತಾದ ಸಾಮಗ್ರಿಗಳಿಂದ. ಗೆದ್ದವರಿಗೆ ಕಾಲೇಜಿನ ವಿದ್ಯಾರ್ಥಿವೇತನ. 1947ರಲ್ಲಿ ಗೆದ್ದ ಚಾರ್ಲ್ಸ್ ಜೋರ್ಡನ್ ಮುಂದೆ ಅದೇ ಸಂಸ್ಥೆಯ ವಿನ್ಯಾಸ ವಿಭಾಗದ ಮುಖ್ಯಸ್ಥರಾದರು. ಅಡಿಕೆ ಹಾಳೆ, ರಟ್ಟು, ತೆಂಗಿನ ಗರಿಯ ದಂಡುಗಳಿಂದ ಬಂಡಿ ಮಾಡಿದ ಹುಡುಗರು ನಮ್ಮ ಅಂಗಳದಲ್ಲಿಯೂ ಎಷ್ಟೋ ಮಂದಿ ಇದ್ದರು. ಅಳತೆಪಟ್ಟಿಯನ್ನು ಅವರ ಕೈಗೆ ಕೊಟ್ಟು ಪ್ರಮಾಣವೆಷ್ಟೆಂದು ನಾವು ಕೇಳಲಿಲ್ಲ.

ಆ ಬೀಟಲನ್ನು ಈಗ ಶಾಲೆಗೆ ಒಪ್ಪಿಸಿದ್ದೇನೆ. ಕಚೇರಿಯ ಕಪಾಟಿನಲ್ಲಿದೆ, ಉತ್ಸವಕ್ಕೆ ಬಂದವರು ಕೇಳಿ ನೋಡಬಹುದು. ಎಡಬಾಗಿಲಿನ ಸಂದನ್ನು ನಾನು ಸೂಜಿಯಿಂದ ಮತ್ತೆ ಬಿಡಿಸಿದ್ದು, ಗೆರೆ ಸ್ವಲ್ಪ ಸೊಟ್ಟಗಿದೆ. ಅದರ ಪಕ್ಕದಲ್ಲಿ ಒಂದು ತೂಕದ ಕಾಟಾ ಇಡಲು ಈಗಿನ ಮುಖ್ಯೋಪಾಧ್ಯಾಯರನ್ನು ಕೇಳಿಕೊಂಡಿದ್ದೇನೆ. ಏಳನೆಯ ತರಗತಿಯ ಮಕ್ಕಳು ಮೊದಲು ಲೆಕ್ಕ ಮಾಡಿ, ಆಮೇಲೆ ತೂಗಿ, ಎರಡಕ್ಕೂ ವ್ಯತ್ಯಾಸ ಬಂದುದೇಕೆಂದು ಬರೆಯಲಿ.