ಪೇಂಟ್ ಅಲ್ಲದ ಕಪ್ಪು

ಗ್ರೀಕ್ ಹೂಜಿಗಳ ಫೋಟೋ ನೋಡಿದಾಗ ನಾವೆಲ್ಲ ಅಂದುಕೊಂಡಿದ್ದು ಒಂದೇ: ಕೆಂಪು ಮಡಕೆ, ಅದರ ಮೇಲೆ ಕಪ್ಪು ಪೇಂಟ್. ಪೂರ್ತಿ ತಪ್ಪು. ಮಡಕೆಯೂ ಮಣ್ಣು, ಆ ಕಪ್ಪೂ ಮಣ್ಣೇ.

ಅಥೆನ್ಸಿನ ಜೇಡಿಮಣ್ಣಿನಲ್ಲಿ ಕಬ್ಬಿಣದ ಅಂಶ ಹೆಚ್ಚು. ಅಂಥ ಮಣ್ಣನ್ನು ನೀರಲ್ಲಿ ಕಲಸಿಟ್ಟರೆ ದಪ್ಪ ಕಣಗಳು ತಳ ಸೇರುತ್ತವೆ. ಮೇಲೆ ಉಳಿಯುವ ನುಣುಪು ಮಣ್ಣಲ್ಲೇ ಚಿತ್ರ ಬರೀತಿದ್ದರು. ಆಮೇಲೆ ಆವಿಗೆ, ಒಂದೇ ಸಲ ಸುಡುವುದು, ಆದರೆ ಮೂರು ಹಂತ. ಮೊದಲು ಗಾಳಿ ಬಿಟ್ಟು ಸುಮಾರು 800 ಡಿಗ್ರಿ ಸೆಲ್ಸಿಯಸ್: ಎಲ್ಲವೂ ಕೆಂಪು, ಅಂದರೆ ಹೆಮಟೈಟ್. ಬಳಿಕ ಗಾಳಿ ಮುಚ್ಚಿ, ಹಸಿ ಸೌದೆ ಹಾಕಿ 900ರ ಆಸುಪಾಸಿಗೆ: ಆಮ್ಲಜನಕ ಸಾಲದೆ ಎಲ್ಲವೂ ಕಪ್ಪು, ಮುಖ್ಯವಾಗಿ ಮ್ಯಾಗ್ನೆಟೈಟ್. ಈ ಬಿಸಿಗೆ ಚಿತ್ರದ ನುಣುಪು ಮಣ್ಣು ಗಾಜಿನ ಹಾಗೆ ಬೆಸೆದುಕೊಳ್ಳುತ್ತೆ. ಕೊನೆಗೆ ಮತ್ತೆ ಗಾಳಿ ಬಿಟ್ಟಾಗ ಮಡಕೆಯ ಒರಟು ಮೈಯೊಳಗೆ ಆಮ್ಲಜನಕ ನುಗ್ಗಿ ಕೆಂಪಾಗುತ್ತೆ. ಗಾಜಾದ ಜಾಗಕ್ಕೆ ನುಗ್ಗಲಾಗದೆ ಕಪ್ಪು ಹಾಗೇ ಉಳಿಯುತ್ತೆ. ಥರ್ಮಾಮೀಟರೇ ಇಲ್ಲದ ಕಾಲ! ಲೆಕ್ಕ ತಪ್ಪಿದರೆ ಇಡೀ ಆವಿಗೆಯ ದುಡಿಮೆ ಮಣ್ಣುಪಾಲು. (ಲ್ಯಾಬಿನಲ್ಲಿ ಡಿಜಿಟಲ್ ಫರ್ನೇಸ್ ಇದ್ದೂ ನಾವು ಸ್ಯಾಂಪಲ್ ಕೆಡಿಸ್ತೀವಿ, ಅದು ಬೇರೆ ಮಾತು.)

ಕಪ್ಪು ಆಕೃತಿಗಳ ಶೈಲಿ ಕ್ರಿ.ಪೂ. 7ನೇ ಶತಮಾನದಲ್ಲಿ ಕೊರಿಂತ್‌ನಲ್ಲಿ ಬೆಳೆದು ಅಥೆನ್ಸಿಗೆ ಬಂತು. ಅದರಲ್ಲಿ ಕಣ್ಣು, ಕೂದಲು, ಬಟ್ಟೆಯ ನೆರಿಗೆ ಎಲ್ಲವನ್ನೂ ಸುಡುವ ಮೊದಲೇ ಮೊನಚಾದ ಉಪಕರಣದಿಂದ ಗೀರಬೇಕು. ಎಕ್ಸೀಕಿಯಸ್ ಇದರಲ್ಲಿ ಎತ್ತಿದ ಕೈ. ಈಗ ವ್ಯಾಟಿಕನ್‌ನಲ್ಲಿರುವ ಅವನ ಹೂಜಿಯಲ್ಲಿ ಅಕಿಲೀಸ್ ಮತ್ತು ಏಜಾಕ್ಸ್ ಯುದ್ಧದ ಬಿಡುವಲ್ಲಿ ಆಟಕ್ಕೆ ಕೂತಿದ್ದಾರೆ. ಒಬ್ಬನ ಬಾಯಿ ಹತ್ತಿರ 'ನಾಲ್ಕು', ಇನ್ನೊಬ್ಬನದರ ಹತ್ತಿರ 'ಮೂರು' ಅಂತ ಬರೆದಿದೆ. ಅವರ ಮೇಲಂಗಿಯ ಚಿತ್ತಾರ ನೋಡಿದರೆ, ಅಷ್ಟನ್ನೂ ಗೀರಿದ್ದಾನೆ ಅಂತ ನಂಬೋಕೇ ಆಗಲ್ಲ.

ಆದರೂ ಗೀರು ಗೀರೇ, ಬಳುಕಲ್ಲ. ಕ್ರಿ.ಪೂ. 525ರ ಸುಮಾರಿಗೆ ಅಥೆನ್ಸಿನಲ್ಲಿ ಲೆಕ್ಕವನ್ನೇ ತಿರುಗಿಸಿಬಿಟ್ಟರು: ಹಿನ್ನೆಲೆಗೆ ಕಪ್ಪು, ಆಕೃತಿಗೆ ಮಡಕೆಯದೇ ಕೆಂಪು. ಮಣ್ಣು ಅದೇ, ಬೆಂಕಿ ಅದೇ. ಗೆರೆ ಮಾತ್ರ ಕುಂಚದ ಪಾಲಾಯ್ತು. ದಪ್ಪ, ತೆಳು, ನೀರು ಬೆರೆಸಿದರೆ ಕಂದು. ಕೆಲವು ಹೂಜಿಗಳಲ್ಲಿ ಒಂದು ಮಗ್ಗುಲು ಹಳೇ ಶೈಲಿ, ಇನ್ನೊಂದು ಹೊಸದು. ನಮಗೆ ಇವೇ ಹೆಚ್ಚು ಇಷ್ಟ.

ಮೈ ತಿರುಗಿಸಿ ನಿಂತ ಮನುಷ್ಯನನ್ನು ಬರೆಯೋದು ಈಗ ಪೈಪೋಟಿಯಾಯ್ತು. ಮ್ಯೂನಿಕ್‌ನಲ್ಲಿರುವ ಒಂದು ಹೂಜಿಯಲ್ಲಿ ಕುಡಿದು ಕುಣಿಯುವ ಮೂವರನ್ನು ಬರೆದ ಯೂಥಿಮಿಡೀಸ್, ಪಕ್ಕದಲ್ಲೇ ತನ್ನ ಎದುರಾಳಿಯ ಹೆಸರು ಹಿಡಿದು ಕೆಣಕಿದ್ದಾನೆ: ಯೂಫ್ರೋನಿಯಸ್ ಕೈಲಿ ಇಂಥದ್ದು ಯಾವತ್ತೂ ಆಗಿಲ್ಲ ಅಂತ.