ನಾಲ್ಕೂವರೆ ಬಸ್ಸಿಗೆ ಮುಂಚೆ

ಪದವಿ ಕಾಲೇಜುಗಳಲ್ಲಿ ವ್ಯಕ್ತಿತ್ವ ವಿಕಸನ ಎಂದರೆ ಸಾಮಾನ್ಯವಾಗಿ ಹೊರಗಿನಿಂದ ಬಂದವರೊಬ್ಬರ ಭಾಷಣ, ಒಂದಿಷ್ಟು ಪವರ್‌ಪಾಯಿಂಟ್, ಕೊನೆಗೆ ಶಾಲು, ಹಣ್ಣಿನ ಬುಟ್ಟಿ, ಗ್ರೂಪ್ ಫೋಟೊ. ಕಾಮರ್ಸ್ ಪಾಠ ಹೇಳುತ್ತ ಎನ್ನೆಸ್ಸೆಸ್ (ರಾಷ್ಟ್ರೀಯ ಸೇವಾ ಯೋಜನೆ) ಕಾರ್ಯಕ್ರಮಾಧಿಕಾರಿಯೂ ಆಗಿದ್ದ ವರ್ಷಗಳಲ್ಲಿ ಇಂಥವನ್ನು ಸಾಕಷ್ಟು ನೋಡಿದ್ದೇನೆ. ಹುಡುಗರು ಜೋರಾಗಿಯೇ ಚಪ್ಪಾಳೆ ತಟ್ಟುತ್ತಾರೆ. ಮರುದಿನ ಕೇಳಿದರೆ ಬಂದವರ ಹೆಸರೂ ನೆನಪಿರುವುದಿಲ್ಲ.

ಅದೇ ಹುಡುಗರು ಒಂದು ವಾರ ಹಳ್ಳಿಯಲ್ಲಿದ್ದು ಬಂದರೆ ಮಾತೇ ಬೇರೆ.

ಎನ್ನೆಸ್ಸೆಸ್ ಶುರುವಾದದ್ದು ಗಾಂಧಿ ಶತಮಾನೋತ್ಸವದ ವರ್ಷ, 1969ರ ಸೆಪ್ಟೆಂಬರ್ 24ರಂದು. ಆಗಿನ ಕೇಂದ್ರ ಶಿಕ್ಷಣ ಸಚಿವ, ಬಳ್ಳಾರಿಯಿಂದ ಲೋಕಸಭೆಗೆ ಹೋಗಿದ್ದ ಅರ್ಥಶಾಸ್ತ್ರಜ್ಞ ವಿ.ಕೆ.ಆರ್.ವಿ. ರಾವ್ 37 ವಿಶ್ವವಿದ್ಯಾಲಯಗಳಲ್ಲಿ ಇದಕ್ಕೆ ಚಾಲನೆ ಕೊಟ್ಟರು. ಎರಡು ವರ್ಷದಲ್ಲಿ 240 ಗಂಟೆ ಸೇವೆ, ಜೊತೆಗೆ ದತ್ತು ಗ್ರಾಮದಲ್ಲಿ ಏಳು ದಿನದ ವಿಶೇಷ ಶಿಬಿರ.

ಶಿಬಿರದಲ್ಲಿ ಬೆಳಗ್ಗೆ ಶ್ರಮದಾನ, ಮಧ್ಯಾಹ್ನ ಮನೆ ಮನೆ ಸಮೀಕ್ಷೆ, ಸಂಜೆ ಶಾಲೆ ಅಂಗಳದಲ್ಲಿ ಹಾಡು, ನಾಟಕ. ಚರಂಡಿ ಹೂಳೆತ್ತುವುದು ಫೋಟೊಗೆ ಚೆನ್ನ. ಮಕ್ಕಳನ್ನು ನಿಜವಾಗಿ ಅಲುಗಿಸುವುದು ಸಮೀಕ್ಷೆ. ತರಗತಿಯಲ್ಲಿ ಹಾಜರಿಗಷ್ಟೇ ಬಾಯಿ ಬಿಡುತ್ತಿದ್ದ ಬಿ.ಕಾಂ. ಹುಡುಗಿಯೊಬ್ಬಳು ಜಗಲಿಯ ಮೇಲಿದ್ದ ಮುದುಕಿಯನ್ನು ಕೇಳಿದಳು: “ಮನೇಲಿ ಶೌಚಾಲಯ ಇದೆಯಾ ಅಜ್ಜಿ?”

“ಐತೆ ಕಣವ್ವ, ಸೌದೆ ತುಂಬಿದೀವಿ.”

ಫಾರಂನಲ್ಲಿದ್ದದ್ದು ಹೌದು, ಇಲ್ಲ ಎರಡೇ ಚೌಕ. ಅವಳು ಪೆನ್ನು ಹಿಡಿದು ಸ್ವಲ್ಪ ಹೊತ್ತು ನಿಂತಳು. ಆಮೇಲೆ ಹೌದು ಎನ್ನುವುದಕ್ಕೆ ಟಿಕ್ ಹಾಕಿ, ಅಂಚಿನಲ್ಲಿ ‘ಸೌದೆ ಇಟ್ಟಿದ್ದಾರೆ’ ಎಂದು ಬರೆದಳು. ಅಲ್ಲಿಗೆ ಬಿಡಲಿಲ್ಲ. ನೀರು ಎಲ್ಲಿಂದ ತರ್ತೀರಿ, ಯಾರು ಹೊರ್ತಾರೆ, ದಿನಕ್ಕೆ ಎಷ್ಟು ಕೊಡ ಅಂತ ಒಂದೊಂದಾಗಿ ಕೇಳುತ್ತ ಹೋದಳು. ಮರುದಿನದಿಂದ ಅವಳ ತಂಡದವರ ಫಾರಂಗಳ ಅಂಚೂ ತುಂಬತೊಡಗಿತು. ಕೊನೆಯ ಸಂಜೆ ಪಂಚಾಯಿತಿ ಸದಸ್ಯರೆದುರು ಎದ್ದು ನಿಂತು ಆ ಲೆಕ್ಕ ಒಪ್ಪಿಸಿದವಳು ಅವಳೇ. ಬ್ಯಾಂಕ್ ಪರೀಕ್ಷೆ ಬಿಟ್ಟು ಬೇರೆ ಮಾತಾಡದವಳು, ಆಮೇಲೆ ಸ್ಟಾಫ್‌ರೂಮಿಗೆ ಬಂದು ಎಂಎಸ್‌ಡಬ್ಲ್ಯು ಎಲ್ಲೆಲ್ಲಿದೆ ಸಾರ್ ಎಂದು ವಿಚಾರಿಸಿದಳು.

ಎಲ್ಲರಿಗೂ ಹೀಗಾಗುತ್ತದೆ ಅಂತಲ್ಲ. ಏಳು ದಿನವೂ ಚಾರ್ಜರ್ ಪಕ್ಕದಲ್ಲೇ ಕಳೆದ ಮಹಾಶಯರೂ ಇದ್ದಾರೆ. ಮೇಷ್ಟ್ರಾಗಬೇಕೆಂದಿದ್ದ ಹುಡುಗನೊಬ್ಬ ಊರ ಮಕ್ಕಳಿಗೆ ಸಂಜೆ ಪಾಠ ಹೇಳಲು ಹೋಗಿ, “ಇದು ನನ್ನ ಕೈಲಾಗಲ್ಲ ಸಾರ್, ಅಡುಗೆ ಸಾಮಾನಿನ ಲೆಕ್ಕ ಕೊಡಿ” ಎಂದು ವಾಪಸ್ಸು ಬಂದ. ಬಿ.ಇಡಿ. ಫೀಸು ಕಟ್ಟುವ ಮೊದಲೇ ಇದು ಗೊತ್ತಾದದ್ದು ಅವನಿಗೂ ಲಾಭ, ಮುಂದಿನ ಮಕ್ಕಳಿಗೂ.

2021ರಲ್ಲಿ ಹೊಸ ಶಿಕ್ಷಣ ನೀತಿ ಕರ್ನಾಟಕದ ಪದವಿ ತರಗತಿಗಳಿಗೆ ಬಂದಾಗ ಓಪನ್ ಎಲೆಕ್ಟಿವ್ ಬಂತು, ಯೋಗ, ಕ್ರೀಡೆ, ಎನ್ನೆಸ್ಸೆಸ್‌ಗಳಿಗೂ ಕ್ರೆಡಿಟ್ ಬಂತು. ಕಾಮರ್ಸ್ ಹುಡುಗ ಮನಃಶಾಸ್ತ್ರ ಓದಬಹುದು! ಆದರೆ ಮನಃಶಾಸ್ತ್ರ ಹೇಳುವವರೇ ಇಲ್ಲದ ಕಾಲೇಜಿನಲ್ಲಿ, ಯಾರಿಗೆ ವರ್ಕ್‌ಲೋಡ್ ಕಡಿಮೆಯೋ ಅವರ ವಿಷಯವನ್ನೇ ಎಲ್ಲರೂ ಆರಿಸಿಕೊಳ್ಳಬೇಕಾಯಿತು. ಅಂಕ ಸೇರಿದ ಕೂಡಲೇ ಶಿಬಿರದ ದಿನಚರಿಯೂ ರೆಕಾರ್ಡ್ ಪುಸ್ತಕವಾಗಿ ಕೈಯಿಂದ ಕೈಗೆ ದಾಟಿ ನಕಲಾಗತೊಡಗಿತು. 2024ರಲ್ಲಿ ರಾಜ್ಯ ಆ ನೀತಿಯ ನಾಲ್ಕು ವರ್ಷದ ಪದವಿ ಬಿಟ್ಟು ಮತ್ತೆ ಮೂರು ವರ್ಷದ ಪದವಿಗೆ ಮರಳಿತು.

ಆದರೂ ಆ ಕ್ರೆಡಿಟ್ಟಿನ ಒಂದು ಉಪಕಾರ ಒಪ್ಪಲೇಬೇಕು: ಟೈಮ್‌ಟೇಬಲ್‌ನಲ್ಲಿ ಜಾಗ ಸಿಕ್ಕಿತು. ಕಾಲೇಜು ಬಿಟ್ಟ ಮೇಲೆ ನಡೆಯುವ ನಾಟಕ, ಚರ್ಚಾಕೂಟ ಎಲ್ಲ ಹಾಸ್ಟೆಲಿನವರ, ಪೇಟೆಯವರ ಪಾಲು. ನಾಲ್ಕೂವರೆ ಬಸ್ಸು ತಪ್ಪಿದರೆ ಕತ್ತಲಾದ ಮೇಲೆ ಮನೆ ಸೇರಬೇಕಾದ ಹಳ್ಳಿಯ ಹುಡುಗಿಯರಿಗೆ ಅವು ಇಲ್ಲವೇ ಇಲ್ಲ. ಹಾಗಾಗಿ ಶಿಬಿರ ಮುಗಿದ ಮೇಲಿನ ಮಾತುಕತೆಗೆ ನಾವು ಬೆಳಗಿನ ಮೂರನೇ ಪಿರಿಯಡ್ಡನ್ನೇ ಕೇಳಿ ಪಡೆದೆವು. ಅಂಕ ಇಲ್ಲ, ರೆಕಾರ್ಡ್ ಇಲ್ಲ. ಯಾವ ಕೆಲಸ ಹಿಡಿಸಿತು, ಯಾವುದು ಬೇಡವೆನಿಸಿತು, ಯಾಕೆ ಎಂದು ಅವರವರೇ ಹೇಳಿಕೊಳ್ಳುತ್ತಾರೆ.

ಅಕೌಂಟೆನ್ಸಿಯ ಸಹೋದ್ಯೋಗಿಗೆ ಇದರಲ್ಲಿ ಇನ್ನೂ ಸಮಾಧಾನವಿಲ್ಲ. ಅಡ್ಮಿಷನ್ನು, ಪರೀಕ್ಷೆ, ವ್ಯಾಲ್ಯುಯೇಷನ್ನು ಎಂದು ಸೆಮಿಸ್ಟರೇ ಕರಗಿ ಹೋಗುವಾಗ ಪೋರ್ಷನ್ ಮುಗಿಸುವುದು ಯಾವಾಗ ಎಂದು ಅವರು ಕೇಳುತ್ತಾರೆ. ಅವರ ತಕರಾರಿನಲ್ಲೂ ನ್ಯಾಯವಿದೆ. ಪ್ರಿನ್ಸಿಪಾಲರ ಮುಂದೆ ಪ್ರತಿ ವರ್ಷ ನಾವಿಬ್ಬರೂ ಇದಕ್ಕೇ ಜಗಳವಾಡುತ್ತೇವೆ.