ಎಲೆಯ ಫೋಟೋ ಕೇಳಿದರು, ಆಕಾಶದ ಫೋಟೋ ಕಳಿಸಿದೆ!

ಹೋದ ಬೇಸಿಗೆಯ ಮಾತು. ಗುಡ್ಡೆಯಲ್ಲಿ ಮಾಡಿದ ಹೊಸ ತೋಟ. ಎರಡು ವರ್ಷದ 140 ಅಡಿಕೆ ಗಿಡ. ಮಾರ್ಚ್ ಹೊತ್ತಿಗೆ ಮೂವತ್ತರಷ್ಟು ಗಿಡಗಳ ಎಲೆ ಹಳದಿಗೆ ತಿರುಗಿತು. ನಮ್ಮ ಆಸುಪಾಸಿನಲ್ಲಿ ಹಳದಿ ಎಲೆ ರೋಗಕ್ಕೆ ತೋಟ ಕಳಕೊಂಡವರಿದ್ದಾರೆ. ಅದಕ್ಕೆ ಮದ್ದಿಲ್ಲ. ನನ್ನ ಎದೆ ಧಸಕ್ಕೆಂದಿತು. "ಕಿತ್ತು ಬಿಸಾಡಿ ಬೇರೆ ಏನಾದ್ರೂ ನೆಡುವ" ಅಂತ ಮನೆಯಲ್ಲಿ ಮಾತೂ ಆಯಿತು.

ಅದಕ್ಕೆ ಮೊದಲು ತಿಳಿದವರನ್ನು ಕೇಳೋಣವೆಂದು ಪರಿಚಯದ ವಿಜ್ಞಾನಿಯೊಬ್ಬರಿಗೆ ವಾಟ್ಸಾಪಿನಲ್ಲಿ 12 ಫೋಟೋ ಕಳಿಸಿದೆ. ಎರಡು ದಿನ ಬಿಟ್ಟು ಅವರ ಫೋನ್ ಬಂತು. "ಆಕಾಶ ಚೆನ್ನಾಗಿ ಬಂದಿದೆ ಮಾರಾಯ್ರೇ. ಎಲೆ ಮಾತ್ರ ಕಪ್ಪು. ಹಳದಿ ಎಲ್ಲಿ ಅಂತಲೇ ಗೊತ್ತಾಗುವುದಿಲ್ಲ. ಎಲೆಯ ಅಡಿಭಾಗದ್ದು ಒಂದೂ ಇಲ್ಲ!"

ಹನ್ನೆರಡು ಫೋಟೋ ದಂಡ. ನಾಚಿಕೆಯಾಯಿತು. ಮದುವೆ ಫೋಟೋ ತೆಗೆಯುವ ನೆರೆಮನೆ ಹುಡುಗನನ್ನು ತೋಟಕ್ಕೆ ಕರೆದೆ. ಅರ್ಧ ದಿನ ಅವನೇ ಮೇಷ್ಟ್ರು, ನಾನು ಶಿಷ್ಯ. ಕಲಿತದ್ದನ್ನು ಇಲ್ಲಿ ಬರೆದಿದ್ದೇನೆ. ದುಬಾರಿ ಕ್ಯಾಮರಾ ಬೇಡ, ಕೈಯಲ್ಲಿರುವ ಮೊಬೈಲೇ ಸಾಕು.

ಮೊದಲು ಬೆಳಕು, ಆಮೇಲೆ ಕ್ಯಾಮರಾ

"ಮಾವ, ಸೂರ್ಯ ಎಲ್ಲಿದ್ದಾನೆ ಅಂತ ನೋಡದೆ ಫೋಟೋ ತೆಗೀಬೇಡಿ." ಹುಡುಗನ ಮೊದಲ ಪಾಠ ಇದು. ನಾನು ಮಾಡಿದ ತಪ್ಪೇನು? ಕುಕ್ಕರಗಾಲಲ್ಲಿ ಕೂತು, ಎಲೆಯನ್ನು ಆಕಾಶಕ್ಕೆ ಎದುರಾಗಿಟ್ಟು ತೆಗೆದದ್ದು. ಕ್ಯಾಮರಾ ಆಕಾಶದ ಪ್ರಖರ ಬೆಳಕನ್ನು ನೋಡಿ 'ಬೆಳಕು ಹೆಚ್ಚಾಯಿತು' ಎಂದು ತಾನೇ ಕಡಿಮೆ ಮಾಡಿಕೊಳ್ಳುತ್ತದೆ. ಆಗ ಎಲೆ ಕಪ್ಪಾಗುತ್ತದೆ. ಬೆಳಕು ನಮ್ಮ ಬೆನ್ನ ಹಿಂದಿನಿಂದಲೋ ಪಕ್ಕದಿಂದಲೋ ಬರಬೇಕು. ನಮ್ಮ ನೆರಳು ಎಲೆಯ ಮೇಲೆ ಅರ್ಧಂಬರ್ಧ ಬೀಳದಂತೆ ನಿಂತರಾಯಿತು.

ಹೊತ್ತು ಯಾವುದು? ಬೆಳಗ್ಗೆ ಏಳರಿಂದ ಒಂಬತ್ತು, ಸಂಜೆ ನಾಲ್ಕರ ನಂತರ. ನಡುಮಧ್ಯಾಹ್ನದ ಬಿಸಿಲಿನಲ್ಲಿ ಎಲೆ ಹೊಳೆದು ಬಣ್ಣ ಬಿಳಿಚಿಕೊಳ್ಳುತ್ತದೆ. ತೆಳು ಮೋಡದ ದಿನ ಸಿಕ್ಕಿದರೆ ಬಹಳ ಒಳ್ಳೆಯದು. ಬೆಳಕು ಎಲ್ಲ ಕಡೆಯಿಂದ ಒಂದೇ ಸಮ ಬೀಳುತ್ತದೆ.

ಫಸಲು ಕೊಡುವ ತೋಟದೊಳಗೆ ಇನ್ನೊಂದು ಕಷ್ಟ. ಸೋಗೆಯ ಎಡೆಯಿಂದ ಬಿಸಿಲು ಚುಕ್ಕಿ ಚುಕ್ಕಿಯಾಗಿ ಬೀಳುತ್ತದೆ. ಫೋಟೋದಲ್ಲಿ ಬಿಸಿಲಿನ ಚುಕ್ಕಿಯೋ ಎಲೆಚುಕ್ಕಿ ರೋಗವೋ ಎಂದು ನೋಡಿದವರಿಗೆ ಗೊಂದಲ. ಇದಕ್ಕೆ ಉಪಾಯ ಸುಲಭ. ಒಬ್ಬರು ಕೊಡೆಯನ್ನೋ ಮುಟ್ಟಾಳೆಯನ್ನೋ ಅಡ್ಡ ಹಿಡಿದು ಎಲೆಗೆ ಪೂರ್ತಿ ನೆರಳು ಮಾಡಲಿ. ಬೆಳಕು ಸಾಲದಿದ್ದರೆ ಬಿಳಿ ಬೈರಾಸನ್ನು ಪಕ್ಕದಲ್ಲಿ ಬಿಡಿಸಿ ಹಿಡಿಯಿರಿ. ಅದರಿಂದ ಹಾರಿದ ಬೆಳಕು ಎಲೆಯ ಅಡಿಗೂ ಮುಟ್ಟುತ್ತದೆ.

ಕೊಡಪಾನ ತುಂಬಿಸುವ ಲೆಕ್ಕ

ಕ್ಯಾಮರಾದಲ್ಲಿ ಅಪರ್ಚರ್, ಶಟರ್, ಐಎಸ್‌ಒ ಎಂಬ ಮೂರು ಹೆಸರು ಕೇಳಿ ಗಾಬರಿ ಬೀಳಬೇಡಿ. ನಳ್ಳಿಯಡಿ ಕೊಡಪಾನ ಇಟ್ಟ ಹಾಗೆಯೇ ಇದು. ನಳ್ಳಿ ಎಷ್ಟು ತೆರೆದಿದ್ದೀರಿ ಎಂಬುದು ಅಪರ್ಚರ್. ಎಷ್ಟು ಹೊತ್ತು ಬಿಟ್ಟಿರಿ ಎಂಬುದು ಶಟರ್. ಎರಡೂ ಸೇರಿ ಕೊಡಪಾನ ತುಂಬಬೇಕು. ತುಂಬದಿದ್ದರೆ ಚಿತ್ರ ಕಪ್ಪು, ಉಕ್ಕಿದರೆ ಬಿಳಿಚು.

ಅಪರ್ಚರಿನ ಅಂಕಿ ಮಾತ್ರ ಉಲ್ಟಾ. ಅಂಕಿ ಸಣ್ಣದಾದರೆ ಕಿಂಡಿ ದೊಡ್ಡದು. ಎಫ್ 4ರ ಬದಲು ಎಫ್ 5.6 ಇಟ್ಟರೆ ಒಳಗೆ ಬರುವ ಬೆಳಕು ಅರ್ಧ. ಆಗ ಸಮಯವನ್ನು ಸೆಕೆಂಡಿನ 1/125ರಿಂದ 1/60ಕ್ಕೆ ಹೆಚ್ಚಿಸಿದರೆ ಲೆಕ್ಕ ಸರಿಹೋಗುತ್ತದೆ. ಕಿಂಡಿ ಸಣ್ಣದಾದಷ್ಟೂ ಹಿಂದು ಮುಂದಿನ ಎಲೆಗಳೆಲ್ಲ ಸ್ಪಷ್ಟ. ಸಮಯ ಉದ್ದವಾದಷ್ಟೂ ಕೈ ನಡುಗಿದ್ದು, ಗಾಳಿಗೆ ಎಲೆ ಅಲ್ಲಾಡಿದ್ದು ಚಿತ್ರದಲ್ಲಿ ಮಸುಕಾಗಿ ಕಾಣುತ್ತದೆ.

ಮತ್ತೆ ಐಎಸ್‌ಒ? ನೆಂಟರು ಹೆಚ್ಚಾದಾಗ ಮಜ್ಜಿಗೆಗೆ ನೀರು ಬೆರೆಸುತ್ತೇವಲ್ಲ, ಹಾಗೆ. ಪಾತ್ರೆ ತುಂಬುತ್ತದೆ, ರುಚಿ ಕಮ್ಮಿ. 100ರಲ್ಲಿ ಚಿತ್ರ ಶುಭ್ರ. 1600, 3200ಕ್ಕೆ ಏರಿದರೆ ರವೆ ಚೆಲ್ಲಿದಂತೆ ಕಾಳು ಕಾಳು. ಸಣ್ಣ ಚುಕ್ಕಿ ರೋಗ ಅದರಲ್ಲಿ ಮುಳುಗಿಹೋಗುತ್ತದೆ.

ಹೆಚ್ಚಿನ ಮೊಬೈಲುಗಳಲ್ಲಿ ಕಿಂಡಿಯ ಗಾತ್ರ ಬದಲಾಗದು. ಉಳಿದೆರಡನ್ನು ಮೊಬೈಲೇ ಹೊಂದಿಸಿಕೊಳ್ಳುತ್ತದೆ. ಕತ್ತಲೆಯಿದ್ದಲ್ಲಿ ಸಮಯ ಉದ್ದ ಮಾಡುತ್ತದೆ, ಐಎಸ್‌ಒ ಏರಿಸುತ್ತದೆ. ಹಾಗಾಗಿ ಬೆಳಕು ಕೊಡುವುದು, ಕೈ ಅಲ್ಲಾಡದಂತೆ ನೋಡುವುದು ನಮ್ಮ ಪಾಲಿನ ಕೆಲಸ. ಮೊಣಕೈಯನ್ನು ಪಕ್ಕೆಗೆ ಒತ್ತಿ ಹಿಡಿಯಿರಿ. ಮರಕ್ಕೆ ಒರಗಿ. ಗಾಳಿ ನಿಲ್ಲುವ ತನಕ ಕಾಯಿರಿ. ಎರಡು ಸೆಕೆಂಡಿನ ಟೈಮರ್ ಇಟ್ಟರೆ ಒತ್ತುವಾಗಿನ ಅಲುಗಾಟವೂ ಇಲ್ಲ.

ಮೊಬೈಲಿನ ನಾಲ್ಕು ಗುಟ್ಟು

ಒಂದು: ಅಂಗಿ ಜೇಬಿನ ಬೆವರು, ಬೆರಳಿನ ಎಣ್ಣೆ ಲೆನ್ಸಿಗೆ ಹಿಡಿದಿರುತ್ತದೆ. ಮೆತ್ತನೆ ಹತ್ತಿಬಟ್ಟೆಯಿಂದ ಒರೆಸಿ.

ಎರಡು: ರೋಗವಿರುವ ಜಾಗದ ಮೇಲೆ ಪರದೆಯಲ್ಲಿ ಬೆರಳು ತಾಗಿಸಿ. ಫೋಕಸ್ ಅಲ್ಲಿಗೇ ಕೂರುತ್ತದೆ. ಹೆಚ್ಚಿನ ಮೊಬೈಲಿನಲ್ಲಿ ಆಗ ಒಂದು ಸಣ್ಣ ಸೂರ್ಯನ ಗುರುತು ಮೂಡುತ್ತದೆ. ಅದನ್ನು ಮೇಲೆ ಕೆಳಗೆ ಜಾರಿಸಿದರೆ ಬೆಳಕು ಹೆಚ್ಚು ಕಡಿಮೆ.

ಮೂರು: ಎರಡು ಬೆರಳಲ್ಲಿ ಎಳೆದು ದೊಡ್ಡದು ಮಾಡಬೇಡಿ. ಹಾಗೆ ತುಂಬ ಎಳೆದರೆ ಇದ್ದ ಚಿತ್ರವೇ ಹಿಗ್ಗುತ್ತದೆ, ಹೊಸತೇನೂ ಕಾಣದು. ನೀವೇ ಹತ್ತಿರ ಹೋಗಿ. ನಾಲ್ಕೈದು ಇಂಚಿಗಿಂತಲೂ ಹತ್ತಿರವಾದರೆ ಮಸುಕಾದೀತು. ಸ್ವಲ್ಪ ಹಿಂದೆ ಸರಿದು ನೋಡಿ.

ನಾಲ್ಕು: ಕೀಟ ತೀರಾ ಸಣ್ಣದಾದರೆ ಹತ್ತು ಪಟ್ಟು ದೊಡ್ಡದು ಮಾಡುವ ಕೈಲೆನ್ಸನ್ನು ಮೊಬೈಲಿನ ಕಣ್ಣಿಗೆ ತಾಗಿಸಿ ಹಿಡಿಯಿರಿ. ಚಿನ್ನದ ಕೆಲಸದವರು ಕಣ್ಣಿಗೆ ಇಟ್ಟುಕೊಳ್ಳುವಂಥದ್ದು. ಆಗ ಎಲೆಗೆ ಒಂದಿಂಚು ಹತ್ತಿರ ಹೋದರೂ ಚಿತ್ರ ಸ್ಪಷ್ಟ.

ಬಣ್ಣಕ್ಕೆ ಸಾಕ್ಷಿ ಬೇಕು

ತೋಟದೊಳಗಿನ ಬೆಳಕು ಎಲೆಗಳಿಂದ ಸೋಸಿ ಬರುವುದರಿಂದ ಹಸಿರು ಛಾಯೆ. ಅಲ್ಲಿ ತೆಗೆದರೆ ಹಳದಿಯೂ ಹಸಿರಾಗಿ ಕಂಡೀತು. ಪಕ್ಕದಲ್ಲಿ ಒಂದು ಬಿಳಿ ಹಾಳೆ ಇಡಿ. ಹಾಳೆ ಬಿಳಿಯಾಗಿ ಬಂದರೆ ಬಣ್ಣ ನಂಬಬಹುದು. ರೋಗದ ಎಲೆಯ ಬದಿಗೆ ಒಳ್ಳೆ ಎಲೆ ಇಟ್ಟು ತೆಗೆದರೆ ಇನ್ನೂ ಚಂದ. ಗಾತ್ರ ತಿಳಿಯಲು ಮಕ್ಕಳ ಸ್ಕೇಲ್ ಇಡಿ.

ಕಳಿಸುವಾಗ ಐದು ಫೋಟೋ ಸಾಕು: ಇಡೀ ತೋಟದ್ದು, ಪೂರ್ತಿ ಗಿಡದ್ದು, ಒಂದು ಸೋಗೆಯದ್ದು, ಎಲೆಯ ಮೇಲ್ಭಾಗ, ಎಲೆಯ ಅಡಿಭಾಗ. ಹಿಂದೆ ರೀಲಿನ ಕಾಲದಲ್ಲಿ 36 ಚಿತ್ರಕ್ಕೆ ಮುಗಿಯುತ್ತಿತ್ತು, ಒಂದೊಂದಕ್ಕೂ ದುಡ್ಡು. ಈಗ ಐವತ್ತು ತೆಗೆಯಿರಿ, ಆರಿಸಿ ಐದು ಕಳಿಸಿ. ವಾಟ್ಸಾಪಿನಲ್ಲಿ ಸಾದಾ ರೀತಿ ಕಳಿಸಿದರೆ ಚಿತ್ರ ಕುಗ್ಗುತ್ತದೆ. 'ಡಾಕ್ಯುಮೆಂಟ್' ಆಗಿ ಕಳಿಸಿದರೆ ಇದ್ದ ಹಾಗೇ ತಲಪುತ್ತದೆ. ಜೊತೆಗೆ ನಾಲ್ಕು ಸಾಲು ಬರೆಯಿರಿ. ಗಿಡದ ವಯಸ್ಸು, ಎಷ್ಟರಲ್ಲಿ ಎಷ್ಟಕ್ಕೆ ಬಂದಿದೆ, ಯಾವಾಗ ಶುರು, ಏನು ಸಿಂಪಡಿಸಿದ್ದೀರಿ. ಇದಿಲ್ಲದೆ ಫೋಟೋ ಒಂದೇ ಸಾಲದು.

ಕಡೆಗೆ ಏನಾಯಿತು?

ಮರುದಿನ ಬೆಳಗ್ಗೆ ಎಂಟಕ್ಕೆ ತೋಟಕ್ಕೆ ಹೋದೆವು. ಎಲೆ ಮಗುಚಿ, ಬೈರಾಸಿನಿಂದ ಬೆಳಕು ಕೊಟ್ಟು, ಕೈಲೆನ್ಸ್ ಹಿಡಿದು ತೆಗೆದೆವು. ಬರಿಗಣ್ಣಿಗೆ ಧೂಳಿನಂತೆ ಕಂಡದ್ದು ಫೋಟೋದಲ್ಲಿ ಕಾಲುಗಳ ಸಮೇತ ಹರಿದಾಡುವ ನುಸಿ! ಎಲೆಯ ಅಡಿಯಲ್ಲಿ ಕೂತು ರಸ ಹೀರುವ ನುಸಿ, ಬಿಸಿಲಿಗೆ ಬಿದ್ದ ಎಳೆ ಗಿಡಗಳಿಗೆ ಬೇಸಿಗೆಯಲ್ಲಿ ಬರುವಂಥದ್ದು. ಐದು ಫೋಟೋ ಕಳಿಸಿದೆ. ಅರ್ಧ ಗಂಟೆಯಲ್ಲಿ ಉತ್ತರ ಬಂತು. "ಇದು ಹಳದಿ ರೋಗ ಅಲ್ಲ, ನುಸಿ. ಎಲೆಯ ಅಡಿಭಾಗ ತೋಯುವಂತೆ ಸಿಂಪಡಿಸಿ, ಗಿಡಕ್ಕೆ ನೆರಳು ಮಾಡಿ."

ಅವರು ಹೇಳಿದ ಮದ್ದು ಹೊಡೆದೆ. ಸೋಗೆ ಕಟ್ಟಿ ನೆರಳು ಮಾಡಿದೆ. ಮಳೆ ಬಂದ ಮೇಲೆ ಹೊಸ ಎಲೆಗಳು ಹಸಿರಾಗಿಯೇ ಬಂದವು. 140ರಲ್ಲಿ ಒಂದು ಗಿಡವನ್ನೂ ಕೀಳಲಿಲ್ಲ.

ಎಲ್ಲ ರೋಗವೂ ಫೋಟೋದಲ್ಲಿ ಸಿಗದು. ಬೇರು, ಮಣ್ಣು ನೋಡಲೇಬೇಕಾದ್ದೂ ಉಂಟು. ಆದರೆ ದೂರದಲ್ಲಿ ಕೂತವರಿಗೆ ನಮ್ಮ ಫೋಟೋವೇ ಕಣ್ಣು. ನಾಳೆ ಬೆಳಗ್ಗೆಯೇ ಒಂದು ಒಳ್ಳೆ ಗಿಡದ ಐದು ಫೋಟೋ ತೆಗೆದು ಕೈ ಪಳಗಿಸಿ. ರೋಗ ಬಂದ ಮೇಲೆ ಕಲಿಯಲು ಹೊರಟರೆ ನನ್ನ ಹಾಗೆ ಆಕಾಶದ ಫೋಟೋ ತೆಗೆದೀರಿ!